ಸೊಪ್ಪಿನ ಬೆಟ್ಟದ ಸಂಯಮ: ಸ್ವಹಿತವೋ, ನೀತಿಯೋ?

ಶಿರಸಿಯ ಕಡೆ ಹಲವು ಮನೆಗಳು ತೋಟದ ಸೊಪ್ಪಿಗಾಗಿ ಒಟ್ಟಾಗಿ ಬಳಸುವ ಕಾಡಾದ ಸೊಪ್ಪಿನ ಬೆಟ್ಟದಲ್ಲಿ ಯಾರೂ ಮಿತಿ ಮೀರಿ ಸೊಪ್ಪು ಕಡಿಯದಿರುವುದನ್ನು ಪ್ರತಿಯೊಬ್ಬರೂ ತಮ್ಮ ಲಾಭವನ್ನಷ್ಟೇ ನೋಡುತ್ತಾರೆನ್ನುವ ಸ್ವಹಿತದ ಮಾದರಿ ವಿವರಿಸುವುದಿಲ್ಲವೆಂಬ ನಿಮ್ಮ ತೊಡಕಿಗೆ ಬಹುಶಃ ಕಾರಣ, ಪ್ರಬಂಧದಲ್ಲಿ ನೀವು ಒಂದೇ ಸುತ್ತಿನ ಆಟವನ್ನು, ಅಂದರೆ ಒಬ್ಬರ ಆಯ್ಕೆ ಇನ್ನೊಬ್ಬರ ಲಾಭವನ್ನು ಬದಲಿಸುವ ಸನ್ನಿವೇಶ ಒಮ್ಮೆ ಮಾತ್ರ ಎದುರಾಗುತ್ತದೆನ್ನುವ ಲೆಕ್ಕವನ್ನು, ಬಳಸಿರುವುದು. ಮೊದಲು ಅದನ್ನು ಅದೇ ಜನ ಮತ್ತೆ ಮತ್ತೆ ಎದುರಾಗುವ ಪುನರಾವರ್ತಿತ ಆಟವಾಗಿ ಬದಲಿಸಿ. ಅಡಿಕೆ ತೋಟಕ್ಕೆ ವರ್ಷವರ್ಷವೂ ಸೊಪ್ಪು ಬೇಕು, ನೆರೆಹೊರೆಯೂ ಬದಲಾಗುವುದಿಲ್ಲ; ಆದ್ದರಿಂದ ಇಂದಿನ ಒಂದು ಹೆಚ್ಚುವರಿ ಹೊರೆ ಸೊಪ್ಪಿಗಿಂತ ನಾಳೆಯ ಸಹಕಾರದ ಬೆಲೆ ದೊಡ್ಡದಾಗಿದ್ದರೆ ಶುದ್ಧ ಸ್ವಾರ್ಥಿಯೂ ಕತ್ತಿಯನ್ನು ತಡೆಹಿಡಿಯುತ್ತಾನೆ. ಜನ ಒಟ್ಟಾಗಿ ಬಳಸುವ ಸಂಪನ್ಮೂಲಗಳನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರು 1990ರ ಕೃತಿಯಲ್ಲಿ ವಿವರಿಸಿದ ಪರಸ್ಪರ ನಿಗಾ ಮತ್ತು ಹಂತಹಂತದ ದಂಡನೆಗಳನ್ನೂ ಇಲ್ಲಿಯೇ ಸೇರಿಸಿ.

ಅನಂತರ ಈ ಲೆಕ್ಕಕ್ಕೆ ಒಗ್ಗದ ಮನೆಗಳನ್ನು ಹುಡುಕಿ: ತೋಟ ಮಾರಿ ಊರು ಬಿಡಲಿರುವವರು ಕೊನೆಯ ವರ್ಷವೂ ಮಿತಿಯಲ್ಲೇ ಕಡಿದರೆ? ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಬಂಧದ ಜೀವ ಇರುವುದು ಇಲ್ಲಿ. ಅದೂ ನಿರ್ಣಾಯಕ ಸಾಕ್ಷ್ಯವಲ್ಲ, ಊರಿನಲ್ಲುಳಿಯುವ ನೆಂಟರ ಮರ್ಯಾದೆಯ ಚಿಂತೆಯೂ ಕಾರಣವಿರಬಹುದು. ಆದ್ದರಿಂದ ಅಲ್ಲಿ ನೆಂಟರಿಲ್ಲದವರನ್ನು ಪ್ರತ್ಯೇಕವಾಗಿ ಕೇಳಿ. ಆಗಲೂ "ಮನಸ್ಸಿನ ತೃಪ್ತಿಗಾಗಿ ಮಾಡಿದರು" ಎಂದು ತೃಪ್ತಿಯನ್ನೂ ಸ್ವಹಿತದೊಳಗೆ ಸೇರಿಸಬೇಡಿ, ಏಕೆಂದರೆ ಯಾವ ನಡತೆಯೂ ಸುಳ್ಳಾಗಿಸಲಾಗದ ಮಾದರಿ ಏನನ್ನೂ ವಿವರಿಸುವುದಿಲ್ಲ. ಬದ್ಧತೆಯು ಸ್ವಂತ ಲಾಭಕ್ಕೆ ವಿರುದ್ಧವಾದದ್ದನ್ನೂ ಆಯ್ಕೆ ಮಾಡಿಸಬಲ್ಲದೆಂದು ಅಮರ್ತ್ಯ ಸೇನ್ 1977ರಲ್ಲಿ ಮಂಡಿಸಿದ ವಾದ ಇಲ್ಲಿ ನೆರವಾಗುತ್ತದೆ.

ಮಿತಿಯಲ್ಲೇ ಕಡಿಯಬೇಕೆಂಬ ಈ ನಿಯಮ ನ್ಯಾಯವೇ ಎಂಬ ಪ್ರಶ್ನೆಯನ್ನು ಬೇರೆ ಅಧ್ಯಾಯಕ್ಕೆ ಬಿಡಿ. ನಿಯಮ ಹೇಗೆ ಉಳಿಯಿತೆಂಬ ವಿವರಣೆಯಿಂದ ಅದು ನ್ಯಾಯವೆಂದು ಸಿದ್ಧವಾಗುವುದಿಲ್ಲ; ಬೆಟ್ಟದ ಹಕ್ಕೇ ಇಲ್ಲದ ಕೂಲಿ ಮನೆಗಳನ್ನು ನಿಮ್ಮ ಮಾದರಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಆ ಅಧ್ಯಾಯವನ್ನು ಅವರಿಂದಲೇ ಆರಂಭಿಸಿ.