ಮಕ್ಕಳಿಗೆ ಸಿಕ್ಕ ಮೂರು ಸೆಕೆಂಡು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಬದಲು ‘ಟೀಚರ್’ ಎಂದೇ ಬರೆಯುತ್ತೇನೆ. ಮನೆಯವರನ್ನು ಬಿಟ್ಟರೆ ಮಿಕ್ಕವರೆಲ್ಲ ಅವರನ್ನು ಕರೆಯುವುದೂ ಹಾಗೇ.

ವಯಸ್ಸು 48. ಹನ್ನೊಂದು ವರ್ಷದ ಹಿಂದೆ ಇದ್ದ ಕೆಲಸ ಬಿಟ್ಟು ಸ್ವಂತ ಶಾಲೆ ತೆರೆದವರು. ಬೆನ್ನಿಗೆ ಯಾವ ದೊಡ್ಡ ಸಂಸ್ಥೆಯೂ ಇಲ್ಲ. 9 ಮಕ್ಕಳಿಂದ ಶುರುವಾಗಿದ್ದು ಈಗ 130ಕ್ಕೆ ಬಂದಿದೆ. ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಮೊದಲ ಭೇಟಿಯಲ್ಲೇ ಮೂರು ಸಲ ಹೇಳಿದ ಮಾತು: “ನಾನು ಒಂದು ದಿನ ಹೋಗದಿದ್ರೆ ಶಾಲೆ ನಡೆಯಲ್ಲ, ಮೇಡಂ.” ಅದು ದೂರೋ ಹೆಮ್ಮೆಯೋ ನನಗೆ ಬೇಗ ಗೊತ್ತಾಗಲಿಲ್ಲ.

ಮೊದಲು ವೈದ್ಯರ ಬಳಿ ಕಳುಹಿಸಿದೆ. ರಕ್ತ, ಥೈರಾಯ್ಡ್ ಎಲ್ಲ ಸರಿಯಿತ್ತು. ಉಳಿದದ್ದು ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಲ್ಲೇ ಮೈ-ಮನಸ್ಸು ಬತ್ತಿಹೋಗುವುದು. 1974ರಲ್ಲಿ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದರ ಬಗ್ಗೆ ಬರೆದಾಗ ಅವರ ಕಣ್ಣ ಮುಂದಿದ್ದವರು ಉಚಿತ ಚಿಕಿತ್ಸಾಲಯಗಳಲ್ಲಿ ಮೈಮರೆತು ದುಡಿಯುತ್ತಿದ್ದವರು. ಮನಸ್ಸಿಟ್ಟು ದುಡಿಯುವವರನ್ನೇ ಇದು ಹುಡುಕಿಕೊಂಡು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ಇದನ್ನು ಟೀಚರ್‌ಗೆ ಹೇಳಿದಾಗ ಅವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಬರೀ ದಣಿವಾಗಿದ್ದರೆ ರಜೆ ಸಾಕಿತ್ತು, ಆದರೆ ಒಬ್ಬ ಹುಡುಗನ ವಿಷಯ ಹೇಳುವಾಗ ಅವರು “ಆ ಕೇಸು” ಎಂದಿದ್ದರು. ಮಕ್ಕಳ ಬಗ್ಗೆ ಒಳಗೊಳಗೇ ತಣ್ಣಗಾಗುವುದು ಬರ್ನ್‌ಔಟ್‌ನ ಇನ್ನೊಂದು ಲಕ್ಷಣ. ಆ ಮಾತು ಬಾಯಿಂದ ಬಿದ್ದಿದ್ದು ಅವರಿಗೇ ಕೇಳಿಸಿತು, ಅತ್ತರು.

ಮೂರನೇ ಭೇಟಿಯಲ್ಲಿ ನಾನು ಶಾಲೆ ನಡೆಸುವ ಮಾತು ಬಿಟ್ಟು ಪಾಠದ ಬಗ್ಗೆ ಕೇಳಿದೆ. ಮುಖವೇ ಬೇರೆಯಾಯಿತು. ಪ್ರಶ್ನೆ ಕೇಳಿ ಸುಮ್ಮನಿರುವುದನ್ನು ಕಲಿಯಲು ತಮಗೆ ವರ್ಷಗಳೇ ಹಿಡಿದವು ಎಂದರು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ವಿಜ್ಞಾನದ ತರಗತಿಗಳನ್ನು ಧ್ವನಿಮುದ್ರಿಸಿ ನೋಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಎಳೆದರೆ ಉತ್ತರಗಳು ಉದ್ದವಾಗುತ್ತವೆ, ‘ಗೊತ್ತಿಲ್ಲ’ ಕಡಿಮೆಯಾಗುತ್ತದೆ, ಎಂದೂ ಬಾಯಿ ಬಿಡದ ಮಗುವೂ ಮಾತಾಡುತ್ತದೆ. ಟೀಚರ್ ಇದನ್ನು ಓದಿಕೊಂಡಿದ್ದರು, ಮಾಡುತ್ತಲೂ ಇದ್ದರು. ಒಳ್ಳೆಯ ಟೀಚರ್ ಅಂದರೆ ನಿಜಕ್ಕೂ ಒಳ್ಳೆಯ ಟೀಚರ್.

“ನಿಮ್ಮ ಸಹಶಿಕ್ಷಕರಿಗೆ ಎಷ್ಟು ಸೆಕೆಂಡು ಕೊಡ್ತೀರಿ?” ಎಂದೆ.

ಉತ್ತರ ಬರಲಿಲ್ಲ. ಆಮೇಲೆ ಒಂದೊಂದೇ ಹೊರಬಂತು. ಬೇರೆಯವರ ತರಗತಿಯ ಬಾಗಿಲಲ್ಲಿ ನಿಂತು ಪಾಠ ತಿದ್ದುವುದು. ಅವರು ನೋಡಿಟ್ಟ ನೋಟ್‌ಬುಕ್ಕನ್ನು ತಾವು ಮತ್ತೊಮ್ಮೆ ನೋಡುವುದು. ಪೋಷಕರಿಗೆ ಕೊಡುವುದು ತಮ್ಮದೊಂದೇ ನಂಬರು, ಅದೂ ರಾತ್ರಿ ಹನ್ನೊಂದರವರೆಗೆ. ಎರಡು ವರ್ಷದಲ್ಲಿ ಐದು ಜನ ಕೆಲಸ ಬಿಟ್ಟಿದ್ದರು. “ನನ್ನಷ್ಟು ಮನಸ್ಸಿಟ್ಟು ಮಾಡೋರು ಸಿಗಲ್ಲ” ಎಂಬುದು ಟೀಚರ್ ವಿವರಣೆ. ಬಿಟ್ಟವರಲ್ಲಿ ಇಬ್ಬರಾದರೂ ಮನಸ್ಸಿಟ್ಟೇ ಬಂದವರು, ಇಡಲು ಅಲ್ಲಿ ಜಾಗವಿರಲಿಲ್ಲ ಎಂದು ನನಗನ್ನಿಸಿತು. ಹಾಗೇ ಹೇಳಿಯೂ ಬಿಟ್ಟೆ. ಸಲಹೆಗಾರರು ಅಷ್ಟು ನೇರವಾಗಿ ಹೇಳಬಾರದು ಎನ್ನುತ್ತಾರೆ. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರ ಬಂದರು.

ಕೊಟ್ಟ ಸಲಹೆ ಹೆಚ್ಚೇನಿಲ್ಲ. ವಾರಕ್ಕೊಂದು ಶಿಕ್ಷಕರ ಸಭೆ. ಅದರಲ್ಲಿ ಟೀಚರ್ ಕೊನೆಯಲ್ಲಿ ಮಾತಾಡಬೇಕು. ಮೊದಲ ಸಭೆಯಲ್ಲಿ ಏಳು ನಿಮಿಷ ತಡೆದುಕೊಂಡರಂತೆ. ಬೇರೆಯವರ ತರಗತಿಗೆ ಹೋಗಬಹುದು, ಆದರೆ ಆ ಶಿಕ್ಷಕರೇ ಕರೆದಾಗ ಮಾತ್ರ. ಹೋದರೆ ಹಿಂದಿನ ಬೆಂಚು. ಗಣಿತದ ಶಿಕ್ಷಕಿಯೊಬ್ಬರು ಕಾಗದ ಮಡಚಿ ಭಿನ್ನರಾಶಿ ಹೇಳಿಕೊಡಲು ಹೋಗಿ ಪೂರ್ತಿ ಗೊಂದಲವಾದಾಗ ಟೀಚರ್ ಕೈಕಟ್ಟಿ ಕೂತಿದ್ದರು. ಮರುದಿನ ಆಕೆಯೇ ಮಕ್ಕಳನ್ನು ಕೇಳಿ, ಎಲ್ಲಿ ತಪ್ಪಿತೆಂದು ಕಂಡುಕೊಂಡು ಪಾಠವನ್ನು ಹಳಿಗೆ ತಂದರು. ಆ ನಲವತ್ತು ನಿಮಿಷ ತಮ್ಮ ಜೀವನದ ಅತಿ ಕಷ್ಟದ ಪಿರಿಯಡ್ ಎಂದು ಟೀಚರ್ ಹೇಳಿದರು. ನಕ್ಕೆವು.

ಹಣದ ವಿಷಯಕ್ಕೆ ಬರಲು ಅವರಿಗೆ ಇಷ್ಟವಿರಲಿಲ್ಲ. ಹನ್ನೊಂದು ವರ್ಷದಲ್ಲಿ ತಮಗೆಂದು ಸಂಬಳ ತೆಗೆದುಕೊಂಡಿರಲಿಲ್ಲ. ಕೇಳಿದವರಿಗೆಲ್ಲ ಶುಲ್ಕ ರಿಯಾಯಿತಿ. ಅದರಿಂದಾಗಿ ಕೆಲವು ತಿಂಗಳು ಉಳಿದವರ ಸಂಬಳ ತಡ. ಇದನ್ನು ತ್ಯಾಗ ಎನ್ನಲು ನಾನು ಒಪ್ಪಲಿಲ್ಲ. ಮುಖ್ಯಸ್ಥರ ಸಂಬಳ ಲೆಕ್ಕದಲ್ಲೇ ಇಲ್ಲದಿದ್ದರೆ ಶಾಲೆ ನಡೆಸಲು ನಿಜವಾಗಿ ಎಷ್ಟು ಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಆ ಕುರ್ಚಿಗೆ ಇನ್ನೊಬ್ಬರನ್ನು ಕರೆಯಲೂ ಆಗುವುದಿಲ್ಲ. ಪೂರ್ತಿ ತೆಗೆದುಕೊಳ್ಳದಿದ್ದರೂ ಪುಸ್ತಕದಲ್ಲಿ ಬರೆಯಿರಿ, ರಿಯಾಯಿತಿಗೆ ವರ್ಷದ ಆರಂಭದಲ್ಲೇ ಮಿತಿ ಹಾಕಿ, ಯಾರಿಗೆ ಎಂಬುದನ್ನು ಮೂವರು ಕೂತು ತೀರ್ಮಾನಿಸಿ ಎಂದೆ. ಇದನ್ನು ಅರ್ಧ ಮಾತ್ರ ಒಪ್ಪಿದ್ದಾರೆ.

ಆದರೆ ತರಗತಿ ಬಿಡಬೇಡಿ ಎಂದು ಗಟ್ಟಿಯಾಗಿ ಹೇಳಿದೆ. ಇಂಥ ಶಾಲೆಗಳ ಸ್ಥಾಪಕರು ಕಡತದೊಳಗೆ ಮುಳುಗಿ, ತಮಗೆ ಜೀವ ಕೊಡುತ್ತಿದ್ದ ಪಾಠವನ್ನೇ ಮೊದಲು ಕೈಬಿಡುತ್ತಾರೆ. ದಿನಕ್ಕೊಂದು ಪಿರಿಯಡ್ ಈಗ ಅವರದೇ. “ಆ ಕೇಸು” ಅದೇ ತರಗತಿಯಲ್ಲಿದ್ದಾನೆ. ಈಗ ಅವನ ಹೆಸರು ಹಿಡಿದೇ ಮಾತಾಡುತ್ತಾರೆ.

ಐದು ತಿಂಗಳಾಗಿದೆ. ನಿದ್ದೆ ಪರವಾಗಿಲ್ಲ. ಹೋದ ವಾರ ಜ್ವರ ಬಂದು ಎರಡು ದಿನ ಮನೆಯಲ್ಲಿದ್ದರು. ಶಾಲೆಯಿಂದ ಒಂದು ಫೋನೂ ಬರಲಿಲ್ಲವಂತೆ. ಹೇಳುವಾಗ ಗಂಟಲು ಕಟ್ಟಿತು. “ಎಲ್ಲ ನಡೆದುಹೋಯ್ತು, ಮೇಡಂ. ಹಾಗಾದ್ರೆ ನಾನು ಯಾರು?” ಈಗ ನಾವು ಅದರ ಬಗ್ಗೆ ಮಾತಾಡುತ್ತಿದ್ದೇವೆ.