ಮೋಲಿಯೇರ್ ಸ್ಟೇಜ್ ಮೇಲೇ ಪ್ರಾಣ ಬಿಟ್ಟಿದ್ದು ನಿಜಾನಾ?

ಪ್ರಶ್ನೆ: ನಮಸ್ಕಾರ ಸರ್. ಮೂರ್ತಿರಾಯರ ‘ಆಷಾಢಭೂತಿ’ ಓದಿದ್ಮೇಲೆ ಅದರ ಮೂಲ, ಹದಿನೇಳನೇ ಶತಮಾನದ ಫ್ರೆಂಚ್ ರಂಗಕರ್ಮಿ ಮೋಲಿಯೇರ್‌ನ ‘ತಾರ್ತೂಫ್’ನ ನಮ್ಮ ಕಾಲೇಜು ತಂಡದಲ್ಲಿ ಮಾಡೋಣ ಅಂತಿದೀವಿ. ಅವನು ಸ್ಟೇಜ್ ಮೇಲೇ ಸತ್ತ, ಹೂಳೋಕೂ ಜಾಗ ಕೊಡ್ಲಿಲ್ಲ ಅಂತಾರಲ್ಲ, ನಿಜಾನಾ? ಅವನನ್ನ ನಟ ಅನ್ಬೇಕೋ ನಾಟಕಕಾರ ಅನ್ಬೇಕೋ? ಇನ್ನೊಂದು ವಿಷ್ಯ, ಓದ್ತಾ ಹೋದ್ರೆ ಕೆಲವು ಸೀನ್ ಸಪ್ಪೆ ಅನ್ಸುತ್ತೆ, ಯಾಕೆ?

ಉತ್ತರ: ಸ್ಟೇಜ್ ಮೇಲೆ ಸಾಯ್ಲಿಲ್ಲ, ಆದ್ರೆ ಅವತ್ತಿನ ಶೋ ಮುಗಿಸಿಯೇ ಸತ್ತ. 1673ರ ಫೆಬ್ರವರಿ 17, ಪ್ಯಾರಿಸ್‌ನ ಪಾಲೇ ರಾಯಲ್ ಥಿಯೇಟರು, ಅವನ ಕೊನೇ ನಾಟಕದ ನಾಲ್ಕನೇ ಪ್ರದರ್ಶನ. ಆ ನಾಟಕದ ಮುಖ್ಯ ಪಾತ್ರ ಆರ್ಗಾನ್, ಮೈಯಲ್ಲಿ ಏನೂ ರೋಗ ಇಲ್ದೆ ನಂಗೆ ಎಲ್ಲಾ ರೋಗ ಇದೆ ಅಂತ ಮಂಚ ಹಿಡಿದು ಡಾಕ್ಟರುಗಳಿಗೆ ದುಡ್ಡು ಸುರಿಯೋ ಮನುಷ್ಯ, ಅದನ್ನ ಆಡ್ತಿದ್ದಿದ್ದು ವರ್ಷಗಳಿಂದ ಕೆಮ್ಮಿ ಕೆಮ್ಮಿ ನಿಜವಾಗ್ಲೂ ಸೋತುಹೋಗಿದ್ದ ಮೋಲಿಯೇರ್. ಇವತ್ತು ಬೇಡ ಅಂತ ಹೆಂಡತಿ ಮತ್ತೆ ತಂಡದವರು ಕೇಳ್ಕೊಂಡ್ರಂತೆ, ಅದಕ್ಕವನು ದಿನಗೂಲಿ ನಂಬ್ಕೊಂಡಿರೋ ಐವತ್ತು ಜನ ಇದಾರೆ, ಶೋ ನಿಲ್ಸಿದ್ರೆ ಅವ್ರ ಗತಿ ಏನು ಅಂದನಂತೆ, ಅವನ ಮೊದಮೊದಲ ಜೀವನಚರಿತ್ರೆಯಲ್ಲಿ ಹಾಗೆ ಬರ್ದಿದಾರೆ. ಕೊನೇ ದೃಶ್ಯದಲ್ಲಿ ಆರ್ಗಾನ್‌ಗೆ ಡಾಕ್ಟರ್ ಪಟ್ಟ ಕಟ್ಟೋ ತಮಾಷೆ ಸಮಾರಂಭ ಇದೆ, ಅಲ್ಲಿ ಪ್ರಮಾಣವಚನ ಹೇಳೋವಾಗ ಮೈಯೆಲ್ಲಾ ಸೆಟೆದುಕೊಂಡು ಬಂತು, ಅದನ್ನ ಒಂದು ನಗುವಿನಲ್ಲಿ ಮುಚ್ಚಿ ನಾಟಕ ಮುಗಿಸಿದ. ಮನೆಗೆ ಹೊತ್ಕೊಂಡು ಹೋದ್ರು, ಕೆಮ್ಮಿನ ಜೊತೆ ರಕ್ತ ಬಂತು, ಅದೇ ರಾತ್ರಿ ಹೋಗ್ಬಿಟ್ಟ. 51 ವರ್ಷ ಅಷ್ಟೇ.

ಹೂಳೋ ವಿಷ್ಯಾನೂ ಬಹುಮಟ್ಟಿಗೆ ನಿಜ. ಆಗಿನ ಪ್ಯಾರಿಸ್ ಚರ್ಚಿನ ಕಣ್ಣಲ್ಲಿ ನಟನೆ ಅನ್ನೋದು ಪಾಪದ ಕಸುಬು, ಸಾಯೋ ಮುಂಚೆ ಪಾದ್ರಿ ಎದುರು ಈ ಕಸುಬು ಬಿಟ್ಟೆ ಅಂತ ಒಪ್ಪಿಕೊಳ್ಳದ ನಟನಿಗೆ ಕ್ರೈಸ್ತ ಸಂಸ್ಕಾರ ಇಲ್ಲ. ಅವನಿಗಾಗಿ ಕರೆಕಳ್ಸಿದ ಇಬ್ಬರು ಪಾದ್ರಿಗಳು ಬರಲ್ಲ ಅಂದ್ರು, ಮೂರನೆಯವರು ಬರೋಷ್ಟ್ರಲ್ಲಿ ಜೀವ ಹೋಗಿತ್ತು. ಹೆಂಡತಿ ಆರ್ಮಾಂಡ್ ಆರ್ಚ್‌ಬಿಷಪ್‌ಗೆ ಅರ್ಜಿ ಹಾಕಿ, ರಾಜ ಹದಿನಾಲ್ಕನೇ ಲೂಯಿ ಹತ್ರ ಹೋಗಿ ಬೇಡ್ಕೊಂಡ ಮೇಲೆ ಒಪ್ಪಿದ್ರು, ಅದೂ ಕತ್ತಲಾದ ಮೇಲೆ, ಯಾವ ಮೆರವಣಿಗೆ ಆಡಂಬರ ಇಲ್ದೆ, ಇಬ್ಬರೇ ಪಾದ್ರಿಗಳು ಅನ್ನೋ ಷರತ್ತಿನ ಮೇಲೆ. ಸತ್ತ ನಾಲ್ಕನೇ ದಿನ, 21ರ ರಾತ್ರಿ ಹೂಳಿದ್ರು. ಇಡೀ ಆಸ್ಥಾನವನ್ನ ನಗಿಸಿದವನಿಗೆ ಇಷ್ಟಕ್ಕೂ ಅರ್ಜಿ ಹಾಕ್ಬೇಕಾಯ್ತಲ್ಲ ಅಂತ ಈಗ್ಲೂ ಹೊಟ್ಟೆ ಉರಿಯುತ್ತೆ.

ನಟನೋ ನಾಟಕಕಾರನೋ ಅಂದ್ರೆ ನಾನು ಹೇಳೋದು ನಟ, ಮೊದಲು ನಟ, ಬರವಣಿಗೆ ಆ ನಟನೆಯ ಹೊಟ್ಟೆಯಿಂದಲೇ ಬಂದಿದ್ದು. ಅಪ್ಪ ಅರಮನೆಗೆ ಪರದೆ, ಪೀಠೋಪಕರಣ ನೋಡ್ಕೊಳ್ಳೋ ಹುದ್ದೆಯಲ್ಲಿದ್ದ, ಅದು ಮಗನಿಗೇ ಬರ್ಬೇಕಿತ್ತು. 1643ರಲ್ಲಿ ಅದನ್ನ ಬಿಟ್ಟು ನಟಿ ಮಾದ್ಲೆನ್ ಬೆಜಾರ್ ಮತ್ತವಳ ಮನೆಯವರ ಜೊತೆ ಸೇರಿ ನಾಟಕ ಕಂಪನಿ ಕಟ್ಟಿದ, ಎರಡೇ ವರ್ಷಕ್ಕೆ ಸಾಲ ತಲೆ ಮೇಲೆ ಬಂದು ಜೈಲಿಗೂ ಹೋದ (ಸಾಲಗಾರರಲ್ಲಿ ಥಿಯೇಟರಿನ ದೀಪಕ್ಕೆ ಮೇಣದಬತ್ತಿ ಕೊಟ್ಟ ವ್ಯಾಪಾರಿಯೂ ಇದ್ದ). ಆಮೇಲೆ ಸುಮಾರು ಹದಿಮೂರು ವರ್ಷ ಊರೂರು ಸುತ್ತಿದ, ಅವನು ಬರೆಯೋಕೆ ಕಲ್ತಿದ್ದೇ ಆ ತಿರುಗಾಟದಲ್ಲಿ. 1658ರ ಅಕ್ಟೋಬರ್ 24ಕ್ಕೆ ಲೂವ್ರ್ ಅರಮನೆಯಲ್ಲಿ ರಾಜನ ಮುಂದೆ ಮೊದಲು ಬೇರೆಯವರು ಬರೆದ ಒಂದು ದುರಂತ ನಾಟಕ ಆಡಿದ್ರು, ಅದು ಅಷ್ಟೇನೂ ಹತ್ತಲಿಲ್ಲ, ಆಮೇಲೆ ಮೋಲಿಯೇರ್ ತಾನೇ ಬರೆದ ಒಂದು ಸಣ್ಣ ಪ್ರಹಸನ ಆಡೋಕೆ ಅಪ್ಪಣೆ ಕೇಳಿದ, ರಾಜ ಬಿದ್ದು ಬಿದ್ದು ನಕ್ಕ, ಕಂಪನಿಗೆ ಪ್ಯಾರಿಸ್‌ನಲ್ಲೇ ಥಿಯೇಟರ್ ಸಿಕ್ತು. ದುರಂತ ಪಾತ್ರದ ಆಸೆ ಅವನು ಬಿಟ್ಟಿರ್ಲಿಲ್ಲ, 1661ರಲ್ಲಿ ಗಂಭೀರ ನಾಯಕನ ಪಾತ್ರ ಮಾಡಿ ಒಂದು ನಾಟಕ ತಂದ, ಮಕಾಡೆ ಮಲಗ್ತು.

ಮನೆಯವರ, ಕಂಪನಿಯವರ ಮೈಕೈ ನೋಡಿ ಬರೀತಿದ್ದ ಅನ್ನೋದಕ್ಕೆ 1668ರ ಜಿಪುಣನ ನಾಟಕ ನೋಡಿ. ಜಿಪುಣ ಅರ್ಪಾಗೋನ್ ಕೆಮ್ತಾನೆ, ಮದುವೆ ದಲ್ಲಾಳಿ ಹೆಂಗಸು ನಿಮ್ಮ ಕೆಮ್ಮೂ ನಿಮಗೆ ಒಪ್ಪುತ್ತೆ ಅಂತ ಪೂಸಿ ಹೊಡೀತಾಳೆ. ಪಾತ್ರ ಮಾಡ್ತಿದ್ದವನು ಮೋಲಿಯೇರೇ, ತಡೆಯೋಕಾಗದ ಕೆಮ್ಮನ್ನ ಡೈಲಾಗಿನೊಳಗೇ ಸೇರಿಸ್ಕೊಂಡ. ಅದೇ ನಾಟಕದಲ್ಲಿ ಆಳೊಬ್ಬನನ್ನ ಕುಂಟ ಅಂತ ಬೈತಾರೆ, ಆ ಪಾತ್ರ ಮಾಡ್ತಿದ್ದ ಮಾದ್ಲೆನ್ ತಮ್ಮ ಲೂಯಿ ಬೆಜಾರ್ ನಿಜವಾಗ್ಲೂ ಕುಂಟ್ತಿದ್ದ.

ಇನ್ನು ನಿಮ್ಮ ‘ತಾರ್ತೂಫ್’. 1664ರ ಮೇ ತಿಂಗಳಲ್ಲಿ ವರ್ಸೈನಲ್ಲಿ ಮೊದಲ ಸಲ ಆಡಿದ್ರು, ಧರ್ಮದ ಹೆಸರಲ್ಲಿ ಒಂದು ಮನೆಯನ್ನೇ ನುಂಗೋ ತಾರ್ತೂಫ್ ಅನ್ನೋ ಕಪಟಿಯ ಕಥೆ, ಮಡಿವಂತರು ಬೊಬ್ಬೆ ಹಾಕಿದ್ರು, ರಾಜನಿಗೆ ಇಷ್ಟವಾಗಿದ್ರೂ ಸಾರ್ವಜನಿಕವಾಗಿ ಆಡ್ಬೇಡಿ ಅಂದ. 1667ರಲ್ಲಿ ಹೆಸರು ಬದಲಾಯಿಸಿ ತಂದ್ರು, ಒಂದೇ ಶೋ, ಮತ್ತೆ ಬ್ಯಾನ್. 1669ರ ಫೆಬ್ರವರಿ 5ಕ್ಕೆ ಕೊನೆಗೂ ಬಿಡುಗಡೆ. ಐದು ವರ್ಷ ಬಿಡದೆ ಹಿಂದೆ ಬಿದ್ದಿದ್ದ, ನನಗೆ ಅವನ ಮೇಲೆ ಅತಿ ಹೆಚ್ಚು ಗೌರವ ಬರೋದು ಇದಕ್ಕೇನೇ.

ನಿಮಗೆ ಸಪ್ಪೆ ಅನ್ಸಿದ ಸೀನುಗಳಲ್ಲಿ ನಾಲ್ಕನೇ ಅಂಕದ ಮೇಜಿನ ದೃಶ್ಯವೂ ಇರ್ಬಹುದು ಅಂತ ನನ್ನ ಊಹೆ, ಯಾಕಂದ್ರೆ ಓದೋವಾಗ ಅಲ್ಲಿ ಕಾಣೋದು ಬರೀ ಮನೆಯೊಡತಿ ಎಲ್ಮೀರ್ ಮತ್ತು ತಾರ್ತೂಫ್ ಮಾತು. ತಾರ್ತೂಫ್ ತನ್ನ ಮೇಲೆ ಕಣ್ಣು ಹಾಕಿರೋದನ್ನ ಗಂಡನೇ ಕೇಳ್ಲಿ ಅಂತ ಅವಳು ಹೇಳಿದ್ದಕ್ಕೆ ಗಂಡ ಓರ್ಗಾನ್ ಮೇಜಿನ ಕೆಳಗೆ ಅಡಗಿದಾನೆ, ಅವನಿಗೆ ಒಂದು ಮಾತೂ ಇಲ್ಲ, ಆ ಪಾತ್ರ ಮಾಡಿದ್ದು ಮೋಲಿಯೇರ್! ತಾರ್ತೂಫ್ ಅವಳ ಮೈಮೇಲೆ ಬೀಳೋ ಹಾಗಾದಾಗ ಎಲ್ಮೀರ್ ಗಂಡನಿಗೆ ಸೂಚನೆ ಕೊಡೋಕೆ ಕೆಮ್ತಾಳೆ, ಮತ್ತೆ ಕೆಮ್ತಾಳೆ, ತಾರ್ತೂಫ್ ಪಾಪ ಶೀತ ಇರ್ಬೇಕು ಅಂತ ಜ್ಯೇಷ್ಠಮಧು ಕೊಡೋಕೆ ಬರ್ತಾನೆ, ಮೇಜಿನ ಕೆಳಗಿರೋನು ಮಾತ್ರ ಹೊರಗೆ ಬರೋದೇ ಇಲ್ಲ. ಪ್ರೇಕ್ಷಕರ ಕಣ್ಣೆಲ್ಲಾ ಆ ಮೇಜಿನ ಮೇಲೇ ಇರುತ್ತೆ, ಪುಸ್ತಕದಲ್ಲಿ ಅದು ಕಾಣಲ್ಲ.

ಹಾಗಾಗಿ ರಿಹರ್ಸಲ್‌ನ ಮೊದಲ ದಿನದಿಂದಲೇ ನಿಜವಾದ ಮೇಜು ಇಟ್ಕೊಳ್ಳಿ, ಬಟ್ಟೆ ನೆಲ ಮುಟ್ಟೋ ಹಾಗಿರ್ಲಿ, ಓರ್ಗಾನ್ ಪಾತ್ರದ ಹುಡುಗ ಮಾತಿಲ್ಲ ಅಂತ ಪಕ್ಕದಲ್ಲಿ ಫೋನ್ ನೋಡ್ತಾ ಕೂರೋದು ಬೇಡ, ಪ್ರತಿ ಸಲ ಒಳಗೇ ಕೂತು ಕೇಳಿಸ್ಕೊಳ್ಲಿ. ಒಂದೊಂದು ಕೆಮ್ಮಿನ ನಡುವೆ ಎಷ್ಟು ಗ್ಯಾಪ್ ಬಿಡ್ಬೇಕು ಅನ್ನೋದನ್ನ ಎಲ್ಮೀರ್ ಪಾತ್ರದವರು ಜನ ಕೂರಿಸ್ಕೊಂಡು ಆಡಿದಾಗ್ಲೇ ಕಂಡ್ಕೋಬೇಕು.