ಈ ಯುಗಾದಿಗೆ ಚಿಗರಿ ಮನೆಯಲ್ಲೇ ಇರಲಿ

ಸಂಪಾದಕರ ಉತ್ತರ

ದಾವಣಗೆರೆಯ ವಿದ್ಯಾನಗರದಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಎಂಟು ತಿಂಗಳ ಹಿಂದೆ ಅವರ ಮನೆಗೆ ಒಂದು ಹೆಣ್ಣು ಗ್ರೇಹೌಂಡ್ ಬಂತು. ಮೊಲದ ಬೇಟೆಗೆ ಅಂತ ಯಾರೋ ಸಾಕಿದ್ದ ನಾಯಿ. ಕಾಲಿಗೆ ಪೆಟ್ಟಾದ ಮೇಲೆ ಅದನ್ನು ಹಿರಿಯೂರು ಕಡೆಯ ಒಂದು ಹಾಳು ತೋಟದಲ್ಲಿ ಕಟ್ಟಿ ಬಿಟ್ಟು ಹೋಗಿದ್ದರು. ನಾಲ್ಕಾರು ಹುಡುಗರು ಬಿಡಿಸಿ, ಆರೈಕೆ ಮಾಡಿಸಿ, ಮೇಷ್ಟ್ರಿಗೆ ಒಪ್ಪಿಸಿದರು. ಸಂಕ್ರಾಂತಿಗೆ ಬಂದಿದ್ದ ಮೇಷ್ಟ್ರ ಅವ್ವ ಅದಕ್ಕೆ ಚಿಗರಿ ಅಂತ ಹೆಸರಿಟ್ಟರು. ಮನೆಯಲ್ಲಿ ಎಲ್ಲ ಚೆನ್ನಾಗಿದೆ. ಕಾರು ಮಾತ್ರ ಆಗದು. ‘ಕೀ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಒಮ್ಮೆ ಎತ್ತಿ ಕೂರಿಸಿ ಹರಿಹರದವರೆಗೆ ಹೋದೆವು. ದಾರಿಯುದ್ದಕ್ಕೂ ನಡುಗಿದಳು, ಜೊಲ್ಲು ಸುರಿಸಿದಳು, ಎರಡು ಸಲ ವಾಂತಿ ಮಾಡಿದಳು. ಸೀಟಿನ ಬಕಲ್ ತಗುಲಿ ತೊಡೆಯ ಚರ್ಮ ಹರಿಯಿತು’ ಎಂದು ಬರೆದಿದ್ದಾರೆ. ಯುಗಾದಿಗೆ ಆರು ವಾರ ಇದೆ. ಹಬ್ಬಕ್ಕೆ ಹೊಳಲ್ಕೆರೆ ಕಡೆಯ ಊರಿಗೆ, ಅವ್ವನ ಹತ್ತಿರ ಅದನ್ನೂ ಕರೆದುಕೊಂಡು ಹೋಗಬೇಕು. ಏನಾದರೂ ಮಾತ್ರೆ ಇದೆಯಾ? ಪಕ್ಕದ ಮನೆಯವರು ಹೇಳುವಂತೆ ನಾಲ್ಕು ಸಲ ಎತ್ತಿ ಹಾಕಿಕೊಂಡು ಹೋದರೆ ತಾನೇ ಸರಿಹೋಗುತ್ತಾ? ಇದು ಅವರ ಪ್ರಶ್ನೆ.

ಮೇಷ್ಟ್ರೇ,

ಮೊದಲು ನಿಮಗೆ ಬೇಸರವಾಗುವ ಮಾತನ್ನೇ ಹೇಳಿಬಿಡುತ್ತೇನೆ. ಈ ಯುಗಾದಿಗೆ ಚಿಗರಿಯನ್ನು ಊರಿಗೆ ಕರೆದುಕೊಂಡು ಹೋಗಬೇಡಿ. ಆರು ವಾರದಲ್ಲಿ ಆಗಲೇಬೇಕು ಅಂತ ನೀವು ದಿನ ಎಣಿಸತೊಡಗಿದರೆ, ಆ ಅವಸರ ನಿಮ್ಮ ಕೈಯಿಂದ ಅವಳ ಹಗ್ಗಕ್ಕೆ ಇಳಿಯುತ್ತದೆ. ಕೆಲಸ ಕೆಡುವುದೇ ಅಲ್ಲಿ. (ನೀವು ಪತ್ರದುದ್ದಕ್ಕೂ ‘ಅವಳು’ ಅಂತಲೇ ಬರೆದಿದ್ದೀರಿ. ನಾನೂ ಹಾಗೇ ಬರೆಯುತ್ತೇನೆ.)

ಎತ್ತಿ ಹಾಕುವ ವಿಚಾರ ನನಗೆ ಸ್ವಂತ ಅನುಭವದಿಂದ ಗೊತ್ತು. ಹತ್ತು ವರ್ಷದ ಹಿಂದೆ ಇಲ್ಲಿ ಚಿತ್ರದುರ್ಗದಲ್ಲಿ ನಮ್ಮ ಮನೆಗೂ ಇಂಥದ್ದೇ ಒಂದು ಮುಧೋಳ ನಾಯಿ ಬಂದಿತ್ತು. ನನಗೂ ಯಾರೋ ಅದೇ ಸಲಹೆ ಕೊಟ್ಟರು, ನಾನು ನಂಬಿದೆ. ಮೊದಲ ಸಲ ಒದ್ದಾಡಿತು. ಎರಡನೇ ಸಲ ಕಡಿಮೆ ಒದ್ದಾಡಿತು. ಮೂರನೇ ಸಲ ಸುಮ್ಮನೆ ಕಲ್ಲಿನ ಹಾಗೆ ಬಿದ್ದುಕೊಂಡಿತ್ತು. ಅಭ್ಯಾಸವಾಯಿತು ಅಂತ ಖುಷಿಪಟ್ಟೆ. ಆಮೇಲೆ ನೋಡಿದರೆ ಕಣ್ಣಿನ ಬಿಳಿಭಾಗ ಕಾಣುವಷ್ಟು ಕಣ್ಣು ಅಗಲವಾಗಿತ್ತು. ಬಾಲ ಹೊಟ್ಟೆಗೆ ಅಂಟಿತ್ತು. ಅಂಗೈ ಮೇಲಿಟ್ಟ ಮೊಟ್ಟೆಯನ್ನು ಮೂಸಿಯೂ ನೋಡಲಿಲ್ಲ. ಅದು ಒಪ್ಪಿಕೊಂಡಿರಲಿಲ್ಲ, ಕೈಚೆಲ್ಲಿತ್ತು. ಆ ಮೂರು ಸಲದ ತಪ್ಪು ತಿದ್ದಲು ಎಂಟು ತಿಂಗಳು ಹಿಡಿಯಿತು. ಆ ನಾಯಿಯ ಮುಖ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಕಾರಿನ ಭಯ ಈ ಜಾತಿಯ ಗುಣವಲ್ಲ. ಹೊರದೇಶಗಳಲ್ಲಿ ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್‌ಗಳನ್ನು ಮನೆಗಳಿಗೆ ದತ್ತು ಕೊಡುವುದು ಹಲವು ದಶಕಗಳಿಂದ ನಡೆದು ಬಂದಿದೆ. ಅವುಗಳಲ್ಲಿ ಎಷ್ಟೋ ನಾಯಿಗಳು ಆರಾಮಾಗಿ ಕಾರು ಹತ್ತುತ್ತವೆ. ಎಳೆಯ ವಯಸ್ಸಿನಿಂದಲೇ ವ್ಯಾನಿನಲ್ಲಿ ಓಡಾಡಿರುತ್ತವೆ ಅಲ್ವಾ. ಚಿಗರಿಗೆ ಗಾಡಿ ಅಂದರೆ ಏನಾಗಿತ್ತು ಯೋಚಿಸಿ. ರಾತ್ರಿ ಹೊತ್ತು ಲಗೇಜ್ ಆಟೋದ ಹಿಂದೆ ಕುತ್ತಿಗೆಗೆ ಹಗ್ಗ ಬಿಗಿದು ಒಯ್ದಿರಬೇಕು. ತಗಡಿನ ಮೇಲೆ ಕಾಲು ನಿಂತಿರಲಿಕ್ಕಿಲ್ಲ. ಕೊನೆಯ ಸಲ ಗಾಡಿ ಹತ್ತಿದಾಗ ಪೆಟ್ಟಾದ ಕಾಲಿನೊಂದಿಗೆ ಅವಳನ್ನು ಬಿಟ್ಟೇ ಬಂದರು. ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇದ್ದೂ ಅವಳು ಇದನ್ನೆಲ್ಲ ಅನುಭವಿಸಿದಳು. ಇಷ್ಟಾದ ಮೇಲೆ ನಿಮ್ಮ ಕಾರಿನ ಬಾಗಿಲು ತೆರೆದಾಗ ಅವಳು ಹಿಂದೆ ಸರಿದರೆ ಅದನ್ನು ಹಠ ಅನ್ನಬೇಡಿ. ಅವಳಿಗೆ ನೆನಪಿದೆ, ಅಷ್ಟೇ.

ಇನ್ನೊಂದು ಸಂಗತಿ ಇದೆ. ಭಯ ಬೇರೆ, ಹೊಟ್ಟೆ ತೊಳಸುವುದು ಬೇರೆ. ಚಿಗರಿಗೆ ಎರಡೂ ಇರುವ ಹಾಗೆ ಕಾಣುತ್ತದೆ. ಓಡುವ ಗಾಡಿಯಲ್ಲಿ ಒಳಕಿವಿ ‘ಅಲುಗಾಡುತ್ತಿದ್ದೇನೆ’ ಅನ್ನುತ್ತದೆ, ಕಣ್ಣು ‘ಸೀಟು ನಿಂತಲ್ಲೇ ಇದೆ’ ಅನ್ನುತ್ತದೆ. ಈ ಜಗಳಕ್ಕೆ ಮನುಷ್ಯರಿಗೆ ಆಗುವಂತೆ ನಾಯಿಗೂ ವಾಕರಿಕೆ ಬರುತ್ತದೆ. ಪದೇ ಪದೇ ತುಟಿ ನೆಕ್ಕುವುದು, ಆಕಳಿಸುವುದು, ಜೊಲ್ಲು ಇವೆಲ್ಲ ಅದರ ಗುರುತು. ಹೆದರಿದ ನಾಯಿಯೂ ಹೀಗೆಲ್ಲ ಮಾಡುವುದರಿಂದ ಮೇಲಿನಿಂದ ನೋಡಿ ಬೇರೆ ಮಾಡುವುದು ಕಷ್ಟ. ನಿಂತ ಕಾರಿನ ಹತ್ತಿರವೇ ನಡುಗಿದರೆ ಭಯ. ಹೊರಡುವವರೆಗೆ ಪರವಾಗಿಲ್ಲ, ನಾಲ್ಕು ತಿರುವು ದಾಟಿದ ಮೇಲೆ ಜೊಲ್ಲು ಶುರುವಾದರೆ ಹೊಟ್ಟೆಯ ತೊಂದರೆ. ಹೊಟ್ಟೆ ತೊಳಸುವುದನ್ನು ಹಾಗೇ ಬಿಟ್ಟರೆ, ನೀವು ಎಷ್ಟೇ ಪ್ರೀತಿಯಿಂದ ಕಲಿಸಿದರೂ ಪ್ರತಿ ಪ್ರಯಾಣವೂ ಅವಳ ಅನುಮಾನವನ್ನೇ ಗಟ್ಟಿ ಮಾಡುತ್ತದೆ.

ಹಾಗಾಗಿ ಮೊದಲು ಪಶುವೈದ್ಯರು ನೋಡಲಿ. ಅದಕ್ಕೂ ಕಾರಿನಲ್ಲಿ ಒಯ್ಯಬೇಡಿ, ಮನೆಗೇ ಬರಲು ಕೇಳಿಕೊಳ್ಳಿ. ಪೆಟ್ಟಾಗಿದ್ದ ಕಾಲು, ಬೆನ್ನು, ಸೊಂಟ ಒತ್ತಿ ನೋಡಲಿ. ಒಳಗೆ ನೋವಿದ್ದರೆ ಪ್ರತಿ ಹಂಪ್‌ಗೂ ಅವಳು ನರಳುತ್ತಾಳೆ. ಕಿವಿಯಲ್ಲಿ ಸೋಂಕಿದೆಯಾ ನೋಡಲಿ. ಮಾತ್ರೆಯ ವಿಚಾರ ಅವರೇ ಹೇಳಲಿ. ವಾಕರಿಕೆಗೆ ನಾಯಿಗಳಿಗೆಂದೇ ಔಷಧಿ ಇದೆ, ಆತಂಕ ತಗ್ಗಿಸುವ ಔಷಧಿಯೂ ಇದೆ. ನಾವು ಬಸ್ಸಿಗೆ ನುಂಗುವ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಕೆಲಸ ಮಾತ್ರ ಮಾಡಬೇಡಿ. ಹಳೆಯ ಕಾಲದ ಕೆಲವು ಮಂಪರಿನ ಮಾತ್ರೆಗಳಿವೆ. ಅವು ಮೈಯನ್ನು ಮಂಕು ಮಾಡುತ್ತವೆ, ಭಯವನ್ನು ಹಾಗೇ ಬಿಡುತ್ತವೆ. ನಾಯಿ ಸದ್ದಿಲ್ಲದೆ ಮಲಗಿರುತ್ತದೆ, ಒಳಗೆ ಹೆದರುತ್ತಲೇ ಇರುತ್ತದೆ. ಇನ್ನೊಂದು, ಇದು ಗ್ರೇಹೌಂಡ್ ಅನ್ನುವುದನ್ನು ಡಾಕ್ಟರಿಗೆ ಒತ್ತಿ ಹೇಳಿ. ಮೈಯಲ್ಲಿ ಕೊಬ್ಬು ತೀರಾ ಕಡಿಮೆ. ಥಯೋಪೆಂಟೋನ್‌ನಂಥ ಅರಿವಳಿಕೆ ಔಷಧಿ ಈ ಜಾತಿಯ ಮೈಯಿಂದ ಬಹಳ ನಿಧಾನವಾಗಿ ಇಳಿಯುತ್ತದೆ.

ಈಗ ಕಾರಿಗೆ ಬರೋಣ. ಗ್ರೇಹೌಂಡ್‌ಗೆ ಕಾರು ಕಷ್ಟವಾಗಲು ಅದರ ಮೈಕಟ್ಟೂ ಕಾರಣ. ಉದ್ದ ಕಾಲು, ತೊಡೆಯಲ್ಲಿ ದಪ್ಪ ಸ್ನಾಯು. ಬೇರೆ ನಾಯಿಗಳ ಹಾಗೆ ಹಿಂಗಾಲು ಮಡಿಚಿ ಕೂರುವುದು ಅದಕ್ಕೆ ಒಗ್ಗುವುದಿಲ್ಲ. ನಿಲ್ಲಬೇಕು, ಇಲ್ಲವೇ ಮಲಗಬೇಕು. ರೆಕ್ಸಿನ್ ಸೀಟಿನ ಮೇಲೆ ನಿಂತರೆ ಪ್ರತಿ ತಿರುವಿಗೂ ಕಾಲು ಜಾರುತ್ತದೆ. ಸೀಟಿಗೂ ಮುಂದಿನ ಕುರ್ಚಿಗೂ ನಡುವಿನ ಸಂದಿ ಅದಕ್ಕೆ ಹಳ್ಳದ ಹಾಗೆ ಕಾಣುತ್ತದೆ. ಆ ಸಂದಿಯನ್ನು ಮೊದಲು ಮುಚ್ಚಿ. ಮಡಚಿದ ಗೋಣಿಚೀಲ, ಹಳೆಯ ದಿಂಬು, ಏನಾದರೂ ಆದೀತು, ಕಾಲಿಟ್ಟರೆ ಕುಸಿಯಬಾರದು. ಮೇಲೆ ಜಾರದ ರಬ್ಬರ್ ಮ್ಯಾಟ್, ಅದರ ಮೇಲೆ ಕೌದಿ. ಬಕಲ್‌ಗಳೆಲ್ಲ ಕೌದಿಯ ಅಡಿಗೆ ಹೋಗಲಿ. ಈ ನಾಯಿಯ ಚರ್ಮ ಎಷ್ಟು ತೆಳು ಅಂತ ಈಗಾಗಲೇ ನೋಡಿದ್ದೀರಿ. ಕನ್ನಡಿಗೆ ತೂಗುಹಾಕಿದ ಸೆಂಟಿನ ಡಬ್ಬಿ ಇದ್ದರೆ ತೆಗೆದುಬಿಡಿ. ನಮಗೆ ಹಿತವಾದ ಮಲ್ಲಿಗೆ ವಾಸನೆ ಅವಳ ಮೂಗಿಗೆ ಹೊಡೆತ. ಪಕ್ಕದ ಕಿಟಕಿಗಳಿಗೆ ಬಟ್ಟೆ ಕಟ್ಟಿ. ಇದು ವಾಸನೆ ಹಿಡಿದು ಹೋಗುವ ನಾಯಿಯಲ್ಲ, ಕಣ್ಣಿನಿಂದ ಕಂಡು ಅಟ್ಟುವ ನಾಯಿ. ಸರಸರನೆ ಓಡುವ ಮರ, ಬೈಕು, ಮೇಕೆ ಎಲ್ಲವೂ ಅವಳ ಕಣ್ಣನ್ನು ಜಗ್ಗುತ್ತವೆ.

ಕೌದಿ ಅಂದೆನಲ್ಲ, ನನ್ನ ಪ್ರಕಾರ ನಿಮ್ಮ ಕೆಲಸ ಅರ್ಧ ನಡೆಯುವುದು ಅದರಿಂದಲೇ. ಅವ್ವ ಹೊಲಿದ ಕೌದಿಯ ಮೇಲೆ ಚಿಗರಿ ದಿನವೂ ಮಲಗುತ್ತಾಳೆ ಅಂತ ಬರೆದಿದ್ದೀರಿ. ಮೊದಲ ವಾರ ಕಾರನ್ನು ಮರೆತುಬಿಡಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಕೌದಿಯ ಮೇಲೆ ಮಲಗಿದಾಗ ಮಾತ್ರ ಅವಳಿಗೆ ಬಹಳ ಇಷ್ಟದ ತಿನಿಸು ಕೊಡಿ. ಬೇಯಿಸಿದ ಮೊಟ್ಟೆ ಒಳ್ಳೆಯದು. ಮೊಟ್ಟೆ ಮನೆಗೆ ತರುವುದಿಲ್ಲ ಅಂದರೆ ಪನೀರ್ ತುಂಡು. ದಾವಣಗೆರೆಯವರಿಗೆ ಬೆಣ್ಣೆ ನೆನಪಾಗುವುದು ಸಹಜ, ಆದರೆ ಬೇಡ, ಜಿಡ್ಡು ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ. ಮಂಡಕ್ಕಿ ಮಿಕ್ಕಿತು ಅಂತ ಹಾಕಬೇಡಿ, ಅದರಲ್ಲಿನ ಈರುಳ್ಳಿ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ.

ಆಮೇಲೆ ಕೌದಿ ಊರು ಬದಲಿಸುತ್ತಾ ಹೋಗಲಿ. ಪಡಸಾಲೆಯಿಂದ ಜಗಲಿಗೆ. ಜಗಲಿಯಿಂದ ಅಂಗಳಕ್ಕೆ. ಅಲ್ಲಿಂದ ಬಾಗಿಲು ಮುಚ್ಚಿ ನಿಂತ ಕಾರಿನ ಹತ್ತಿರಕ್ಕೆ. ಎಷ್ಟು ಹತ್ತಿರ? ಅದನ್ನು ಅವಳೇ ಹೇಳುತ್ತಾಳೆ. ಹತ್ತು ಅಡಿ ದೂರದಲ್ಲಿ ಮೊಟ್ಟೆ ತಿಂದವಳು ಎಂಟು ಅಡಿಯಲ್ಲಿ ಬಾಯಿ ಮುಚ್ಚಿಕೊಂಡರೆ, ನೀವು ಎರಡು ಅಡಿ ಹೆಚ್ಚು ಹೋಗಿದ್ದೀರಿ ಅಂತ ಅರ್ಥ. ಸುಮ್ನೆ ಹಿಂದೆ ಬನ್ನಿ. ಇಷ್ಟದ ತಿನಿಸನ್ನು ಬೇಡ ಅನ್ನುವುದಕ್ಕಿಂತ ದೊಡ್ಡ ಸೂಚನೆ ಬೇರೆ ಇಲ್ಲ. ಹಗ್ಗ ಸಡಿಲವಾಗಿಯೇ ಇರಲಿ. ಎದ್ದು ಮನೆಯೊಳಗೆ ಹೋಗುತ್ತೇನೆ ಅಂದರೆ ಹೋಗಲಿ. ಬೇಕಾದಾಗ ಹೋಗಬಹುದು ಅಂತ ಗೊತ್ತಾದ ನಾಯಿ ಜಾಸ್ತಿ ಹೊತ್ತು ನಿಲ್ಲುತ್ತದೆ. ನಾನು ಇದನ್ನು ಮೊದಲು ನಂಬಿರಲಿಲ್ಲ.

ಮುಂದೆ ಎರಡೂ ಕಡೆಯ ಹಿಂಬಾಗಿಲು ತೆರೆದಿಟ್ಟು ಕೌದಿಯನ್ನು ಕಾರಿನೊಳಗೆ ಹಾಸಿ. ಹತ್ತಲು ಅಗಲವಾದ ಹಲಗೆ, ಮೇಲೆ ನಾರಿನ ಮ್ಯಾಟ್ ಬಿಗಿದು ಇಳಿಜಾರು ಮಾಡಿಕೊಡಿ. ಆ ಹಲಗೆಯ ಮೇಲೆ ನಡೆಯುವುದನ್ನು ನೆಲದಲ್ಲೇ ಕಲಿಸಿರಿ. ಎತ್ತಲೇಬೇಕಾಗಿ ಬಂದರೆ ಒಂದು ಕೈ ಎದೆಯ ಮುಂದೆ, ಇನ್ನೊಂದು ತೊಡೆಯ ಹಿಂದೆ. ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಬೇಡಿ. ಒಳಗೆ ಹೋಗಿ ತಿಂದು ಇಳಿದರೆ ಆ ದಿನದ ಪಾಠ ಮುಗಿಯಿತು. ಬಾಗಿಲು ಮುಚ್ಚುವುದು, ಎಂಜಿನ್ ಶುರು ಮಾಡುವುದು ಒಂದೊಂದೂ ಬೇರೆ ಬೇರೆ ದಿನದ ಪಾಠ. ಎಂಜಿನ್ ಸದ್ದನ್ನು ಮೊದಲು ಅವಳು ಅಂಗಳದಲ್ಲಿ ದೂರ ಇರುವಾಗ ಕೇಳಲಿ. ಮಗನೋ ಮಗಳೋ ಕೀ ತಿರುಗಿಸಲಿ, ನೀವು ಅವಳ ಪಕ್ಕ ಇರಿ. ಕೀ ಸದ್ದಿಗೇ ಹೆದರುತ್ತಾಳಲ್ಲ, ಅದಕ್ಕೂ ಇದೇ ದಾರಿ. ಊಟದ ತಟ್ಟೆ ಇಡುವ ಮುಂಚೆ ಒಮ್ಮೆ ಮೆಲ್ಲಗೆ ಕೀಗೊಂಚಲು ಅಲ್ಲಾಡಿಸಿ, ಎಲ್ಲಿಗೂ ಹೋಗಬೇಡಿ.

ಹೆದರಿದಾಗ ಮುದ್ದು ಮಾಡಿದರೆ ಭಯ ಜಾಸ್ತಿಯಾಗುತ್ತೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಭಯ ಅನ್ನುವುದು ಅವಳು ಬೇಕೆಂದು ಮಾಡುವ ಆಟವಲ್ಲ, ಮುದ್ದಿಗೆ ಅದು ಬೆಳೆಯುವುದಿಲ್ಲ. ನಿಮ್ಮ ಮೈಗೆ ಒರಗಿ ನಿಂತರೆ ಒರಗಲಿ. ಗಟ್ಟಿಯಾಗಿ ತಬ್ಬಿ ಹಿಡಿಯಬೇಡಿ, ಅಷ್ಟೇ.

ಕಾರು ಉರುಳುವ ದಿನ ಗೇಟಿನಿಂದ ರಸ್ತೆಯ ಮೂಲೆಯವರೆಗೆ ಹೋಗಿ ಬನ್ನಿ, ಸಾಕು. ಕೆಲವು ದಿನ ಇಷ್ಟೇ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ಕೊಡಬೇಡಿ, ನೀರು ಕೊಡಿ. ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ. ಆಮೇಲೆ ಬೆಳಗಿನ ಆರು ಗಂಟೆಗೆ, ಬಸ್ಸು ಲಾರಿ ಕಡಿಮೆ ಇರುವಾಗ, ಕುಂದವಾಡ ಕೆರೆಯವರೆಗೆ. ನಡೆದೇ ಹೋಗಬಹುದಾದ ಜಾಗಕ್ಕೆ ಕಾರು ಯಾಕೆ ಅನ್ನಿಸಬಹುದು. ಇಳಿದ ಕೂಡಲೇ ಹುಲ್ಲು, ಗಾಳಿ, ಏರಿಯ ಮೇಲೆ ಒಂದು ಸುತ್ತು ಸಿಗಬೇಕು, ಅದಕ್ಕೆ. ಕಾರು ಹತ್ತಿದಾಗಲೆಲ್ಲ ಸೂಜಿ ಚುಚ್ಚಿಸಿಕೊಂಡು ಬಂದರೆ ಯಾರಿಗೆ ತಾನೇ ಇಷ್ಟವಾದೀತು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಗ್ರೇಹೌಂಡ್‌ನ ಕುತ್ತಿಗೆ ತಲೆಗಿಂತ ದಪ್ಪ. ಸಾಮಾನ್ಯ ಬೆಲ್ಟು ಹಿಂದೆ ಜಗ್ಗಿದರೆ ತಲೆಯಿಂದ ಸರ್ರನೆ ಜಾರಿಬಿಡುತ್ತದೆ. ಎದೆ ಭುಜ ಸುತ್ತುವ ಹಾರ್ನೆಸ್ ಹಾಕಿ, ಅದನ್ನು ಸೀಟ್‌ಬೆಲ್ಟಿಗೆ ಸೇರಿಸಿ. ಇಳಿಸುವಾಗ ಹಗ್ಗ ನಿಮ್ಮ ಕೈಗೆ ಬಂದ ಮೇಲೆಯೇ ಬಾಗಿಲು ತೆರೆಯಬೇಕು. ಈ ನಾಯಿ ಗಂಟೆಗೆ 60 ಕಿಲೋಮೀಟರಿಗೂ ಮೀರಿ ಓಡಬಲ್ಲದು. 48ನೇ ಹೆದ್ದಾರಿಯ ಪಕ್ಕದಲ್ಲಿ ಹೆದರಿ ಕೈತಪ್ಪಿದರೆ ನೀವು ಕೂಗುವಷ್ಟರಲ್ಲಿ ಲಾರಿಗಳ ನಡುವೆ ಇರುತ್ತಾಳೆ.

ಭರಮಸಾಗರದಲ್ಲಿ ಚಹಾಕ್ಕೆ ಇಳಿದರೆ ಅವಳನ್ನು ಹತ್ತು ನಿಮಿಷ ಕಾರಿನಲ್ಲೇ ಬಿಡಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಹೊರಗೆ 24 ಡಿಗ್ರಿ ಇದ್ದರೂ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ 34ರ ಹತ್ತಿರ ಹೋಗುತ್ತದೆ, ಅರ್ಧ ಗಂಟೆಯಲ್ಲಿ 40 ದಾಟುತ್ತದೆ. ಯುಗಾದಿ ಹೊತ್ತಿಗೆ ನಮ್ಮ ಕಡೆ ಹೊರಗಿನ ಬಿಸಿಲೇ ಆ 24ಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಬಿಸಿ ಕಳೆಯಬೇಕು. ಹೆದರಿದ ನಾಯಿ ಮೊದಲೇ ತೇಕುತ್ತಿರುತ್ತದೆ.

ಹಾಗಾದರೆ ಹಬ್ಬ? ಊರಿಗೆ ನೀವು ಹೋಗುವ ಬದಲು ಅವ್ವನನ್ನೇ ದಾವಣಗೆರೆಗೆ ಕರೆತನ್ನಿ. ಸಂಕ್ರಾಂತಿಯಲ್ಲಿ ವಾರವಿಡೀ ಚಿಗರಿ ಅವರ ಕಾಲಬುಡದಲ್ಲೇ ಮಲಗಿದ್ದಳು ಅಂತ ನೀವೇ ಬರೆದಿದ್ದೀರಿ. ಕಾರು ಬರುವ ಹೊತ್ತಿಗೆ ಮನೆಯವರು ಅವಳನ್ನು ಅಂಗಳದ ಆಚೆ ತುದಿಯಲ್ಲಿ ನಿಲ್ಲಿಸಿಕೊಂಡಿರಲಿ. ಎಂಜಿನ್ ಆರಿಸಿ, ಗೇಟು ಹಾಕಿ, ಹಿಂದಿನ ಎರಡೂ ಬಾಗಿಲು ತೆರೆಯಿರಿ. ಅವ್ವ ತಕ್ಷಣ ಇಳಿಯುವುದು ಬೇಡ. ಬಿಸಿಲು ಇಳಿದ ಹೊತ್ತಾದರೆ ಒಳ್ಳೆಯದು, ಹತ್ತು ನಿಮಿಷ ಸೀಟಿನ ಮೇಲೆ ಹಾಗೇ ಕೂತು ಅವಳ ಹೆಸರು ಹಿಡಿದು ಮಾತಾಡುತ್ತಿರಲಿ. ಚಿಗರಿ ಎಲ್ಲಿಯವರೆಗೆ ಬರುತ್ತಾಳೋ ಅಲ್ಲಿಯವರೆಗೆ ಬರಲಿ.